ತಕ್ಕಡಿ ಸಾಹೇಬರ ಕೊಳ

ಎಂಟು ದಿನ ಇದ್ದು ಹೋಗೋಣ ಎಂದು ಬಂದವನು ನಾಲ್ಕು ವರ್ಷವಾದರೂ ಅಲ್ಲೇ ಇದ್ದರೆ ಅವನನ್ನು ಏನೆಂದು ಕರೆಯಬೇಕು? ಬೀದಿಯವರಿಗೆ ಈ ವಿಷಯದಲ್ಲಿ ಅನುಮಾನವೇ ಇರಲಿಲ್ಲ. ಮನೆಅಳಿಯ ಎಂದು ಬಾಯ್ತುಂಬಾ ಕರೆಯುತ್ತಿದ್ದರು. ಬಾಡಿಗೆ ಮನೆಗೆ ಬಣ್ಣ ಹೊಡೆಸುವಷ್ಟು ದಿನ ಮಾತ್ರ ಎಂದು ಅವನು ಎರಡು ಸೂಟ್‌ಕೇಸ್ ಹಿಡಿದು ಹೆಂಡತಿಯ ತವರಿಗೆ ಬಂದಿದ್ದ. ಬಣ್ಣ ಒಣಗಿತು, ಹೊಸ ಬಣ್ಣದ ಮನೆಗೆ ಹೊಸ ಬಾಡಿಗೆ ಎಂದು ಮಾಲೀಕ ರಾಗ ತೆಗೆದ, ಸೂಟ್‌ಕೇಸ್‌ಗಳು ಅಟ್ಟ ಹತ್ತಿದವು. ಅಟ್ಟ ಹತ್ತಿದ್ದು ಯಾವ ಮನೆಯಲ್ಲಾದರೂ ಸುಲಭಕ್ಕೆ ಕೆಳಗಿಳಿದದ್ದುಂಟೇ?

ಅಳಿಯನ ಕಸುಬು ಲಿಫ್ಟ್ ರಿಪೇರಿ. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರನ್ನು ಹೊರಗೆ ತೆಗೆಯುವುದರಲ್ಲಿ ಅವನದು ಎತ್ತಿದ ಕೈ. "ಬಾಗಿಲು ಒದೀಬೇಡಿ, ಸುಮ್ನೆ ನಿಂತಿರಿ, ಬಂದೆ" ಎಂದು ಫೋನಿನಲ್ಲಿ ಅವನು ಹೇಳಿದರೆ ಎಂಥ ಗಾಬರಿಯವರೂ ತಣ್ಣಗಾಗುತ್ತಿದ್ದರು. ಹೀಗೆ ವರ್ಷಕ್ಕೆ ನೂರಾರು ಜನರನ್ನು ಬಿಡಿಸುವವನಿಗೆ ತನ್ನ ಬಿಡುಗಡೆಯ ದಾರಿ ಮಾತ್ರ ಕಾಣುತ್ತಿರಲಿಲ್ಲ.

ಮಾವ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಒಂದು ದಿನ ಜಗಳವಾಡಿ ಸೂಟ್‌ಕೇಸ್ ಇಳಿಸಬಹುದಿತ್ತು. ಅವರು ಅಳಿಯನನ್ನು ಒಂದು ದಿನವೂ ಏಕವಚನದಲ್ಲಿ ಕರೆದವರಲ್ಲ. "ಅಳಿಯಂದ್ರೇ, ನಲ್ಲಿ ಸೋರ್ತಿದೆ ನೋಡಿ", "ಅಳಿಯಂದ್ರೇ, ಗೇಟಿಗೆ ಎಣ್ಣೆ ಬಿಡಿ" ಎಂದು ಮರ್ಯಾದೆ ಕೊಟ್ಟು ಕೊಟ್ಟೇ ಕೆಲಸ ಹಚ್ಚುತ್ತಿದ್ದರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೆಂಟು ವರ್ಷ ಇನ್ಸ್‌ಪೆಕ್ಟರ್ ಆಗಿದ್ದವರು. ಊರಿಗೆಲ್ಲ ತಕ್ಕಡಿ ಸಾಹೇಬರು. ಅಂಗಡಿಯವನ ತಕ್ಕಡಿ ಒಂದು ಕಾಳಿನಷ್ಟು ವಾಲಿದರೂ ಕಿತ್ತುಕೊಂಡು ಬರುತ್ತಿದ್ದರಂತೆ. ಅವನು ಕಾಲಿಗೆ ಬಿದ್ದರೂ ಜಗ್ಗುತ್ತಿರಲಿಲ್ಲ. "ಒಂದು ಸಲ ತಪ್ಪು ಅಳೆದ ಕೈಗೆ ಮತ್ತೆ ಅಳತೆ ಕೊಡಬಾರದು" ಎನ್ನುವುದು ಅವರ ಮಾತು. ಊಟಕ್ಕೆ ಕೂತಾಗ ಉಪ್ಪಿನಕಾಯಿ ಮರೆತರೂ ಈ ಮಾತು ಮರೆಯುತ್ತಿರಲಿಲ್ಲ.

ಇಂಥವರ ಅಳತೆಯಲ್ಲಿ ಅಳಿಯ ಒಂದೇ ಒಂದು ಸಲ ತಪ್ಪು ಹುಡುಕಲು ಹೋಗಿದ್ದ. ಬಚ್ಚಲುಮನೆಯ ತೂಕದ ಯಂತ್ರ ಎರಡು ಕಿಲೋ ಜಾಸ್ತಿ ತೋರಿಸುತ್ತಿದೆ ಎಂದಿದ್ದ. ಮಾವ ಹನ್ನೊಂದು ದಿನ ಮಾತು ಬಿಟ್ಟರು. ಹನ್ನೆರಡನೆಯ ದಿನ ಇಲಾಖೆಯ ಹಳೆಯ ಕಬ್ಬಿಣದ ಕಲ್ಲುಗಳನ್ನು ತಂದು ಒಂದೊಂದಾಗಿ ಯಂತ್ರದ ಮೇಲಿಟ್ಟು ತೋರಿಸಿದರು. ಯಂತ್ರ ಸರಿಯಾಗಿಯೇ ಇತ್ತು, ದಪ್ಪಗಾಗಿದ್ದವನು ಅಳಿಯ. ಅವತ್ತಿನಿಂದ ಅವನು ಆ ಮನೆಯ ಗೋಡೆ ಗಡಿಯಾರವನ್ನೂ ಅನುಮಾನಿಸಿದವನಲ್ಲ.

ಹಿತ್ತಲಲ್ಲಿ ಒಂದು ಈಜುಕೊಳವಿತ್ತು. ನಿವೃತ್ತಿಯಾದ ವರ್ಷ ಮಾವ ಅದನ್ನು ಅತ್ತೆಗಾಗಿ ಕಟ್ಟಿಸಿದ್ದರು. ಅತ್ತೆ ಹೊಳೆದಂಡೆಯಲ್ಲಿ ಬೆಳೆದವರು, ನಡೆಯುವುದಕ್ಕಿಂತ ಮುಂಚೆ ಈಜಿದವರು ಎಂದು ಅವರ ಅಣ್ಣ ತಮಾಷೆ ಮಾಡುತ್ತಿದ್ದರು. ಈ ವರ್ಷ ಅತ್ತೆ ಮೆಟ್ಟಿಲಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಒಳಗೆ ಉಕ್ಕಿನ ಸರಳು ಹಾಕಿ ಹೊಲಿದ ಮೂಳೆ ಡಾಕ್ಟರು, ದಿನಾ ಎದೆಮಟ್ಟದ ನೀರಿನಲ್ಲಿ ನಡೆದರೆ ಕೋಲು ಬಿಡಬಹುದು ಎಂದರು. ಜೊತೆಗೆ ಒಂದು ಷರತ್ತು. "ಹೊಲಿಗೆ ಹೊಸದು, ನೀರು ಶುದ್ಧವಾಗಿರ್ಬೇಕು. ಕ್ಲೋರಿನ್ ಅಳೆದು ನೋಡಿ. ಒಂದರಿಂದ ಮೂರರೊಳಗೆ ಬಂದ್ರೆ ಮಾತ್ರ ಇಳಿಸಿ."

ಅಳಿಯನ ಬಿಡುಗಡೆಯೂ ಇದೇ ನೀರಿಗೆ ತಗುಲಿಕೊಂಡಿತ್ತು. ಊರಿನ ಇನ್ನೊಂದು ತುದಿಯಲ್ಲಿ, ಅವನ ಲಿಫ್ಟ್ ಕಂಪನಿಯ ಹತ್ತಿರ, ಎರಡು ಕೋಣೆಯ ಒಂದು ಮನೆ ಸಿಕ್ಕಿತ್ತು. ಮನೆಯೊಡತಿ ಬೀಗದ ಕೈ ಕೊಟ್ಟು, "ಈ ತಿಂಗಳ ಕೊನೇ ಭಾನುವಾರದ ಒಳಗೆ ಬರ್ಲಿಲ್ಲ ಅಂದ್ರೆ ಬೇರೆಯವರಿಗೆ ಕೊಡ್ತೀನಿ" ಎಂದಿದ್ದಳು. ಹೆಂಡತಿ ಒಪ್ಪಿದಳು, ಆದರೆ ಒಪ್ಪಿಗೆಗೆ ಬಾಲವಿತ್ತು.

"ಅಮ್ಮ ಒಂದ್ಸಲ ನೀರಿಗಿಳಿದು ತಾನೇ ನಡೆದ್ಬಿಡ್ಲಿ ರೀ. ಆಮೇಲೆ ಒಂದು ಗಂಟೆನೂ ನಿಲ್ಲಲ್ಲ."

ಅಳಿಯ ಆ ಬೀಗದ ಕೈಯನ್ನು ಪ್ಯಾಂಟಿನ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದ. ಲಿಫ್ಟಿನ ಕೆಳಗಿನ ಹೊಂಡಕ್ಕೆ ಇಳಿದಾಗ ಅದನ್ನೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದ.

ಕೊಳಕ್ಕೆ ಕ್ಲೋರಿನ್ ಹಾಕುವ ಕೆಲಸ ಅಳಿಯನದು, ಅಳೆಯುವ ಕೆಲಸ ಮಾವನದು. ಅಳತೆಯ ಡಬ್ಬಿಗೆ ಬೀಗ, ಬೀಗದ ಕೈ ಮಾವನ ಕೊರಳಿನ ದಾರದಲ್ಲಿ. ಬೆಳಿಗ್ಗೆ ಏಳಕ್ಕೆ ಸರಿಯಾಗಿ ಡಬ್ಬಿ ತೆಗೆದು, ಬೆರಳುದ್ದದ ಗಾಜಿನ ಕೊಳವೆಗೆ ಕೊಳದ ನೀರು ತುಂಬಿ, ಪುಟ್ಟ ಬಾಟಲಿಯಿಂದ ಪರೀಕ್ಷೆಯ ದ್ರಾವಣ ಐದು ಹನಿ ಹಾಕಿ, ಕೈಗಡಿಯಾರ ನೋಡುತ್ತ ನಿಲ್ಲುತ್ತಿದ್ದರು. ಒಂದು ನಿಮಿಷ ಬಿಟ್ಟು ನೋಡಿ ಎಂದು ಕಿರುಹೊತ್ತಗೆಯಲ್ಲಿ ಬರೆದಿತ್ತು. ಬರೆದಿದ್ದರೆ ಮುಗಿಯಿತು, ಆ ಅರವತ್ತು ಸೆಕೆಂಡು ಅವರ ಕಣ್ಣು ಮುಳ್ಳಿನಿಂದ ಅಲ್ಲಾಡುತ್ತಿರಲಿಲ್ಲ. ಕ್ಲೋರಿನ್ ಇದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗಬೇಕು, ಬಣ್ಣ ಗಾಢವಾದಷ್ಟೂ ಅಂಕಿ ದೊಡ್ಡದು. ನಿಮಿಷ ಕಳೆದು ಕೊಳವೆ ಎತ್ತಿ ಹಿಡಿದರೆ ಕುಡಿಯುವ ನೀರಿನಷ್ಟು ಬಿಳಿ.

"ಸೊನ್ನೆ" ಎನ್ನುತ್ತಿದ್ದರು ಮಾವ. "ಅಳಿಯಂದ್ರೇ, ನಿಮಗೆ ಯಾರೋ ಹಳೇ ಮಾಲು ದಾಟಿಸ್ತಿದ್ದಾರೆ. ದ್ರವ ಕ್ಲೋರಿನ್ ಹಾಲಿದ್ದ ಹಾಗೆ. ದಿನ ಕಳೆದಷ್ಟೂ ಸತ್ವ ಹೋಗತ್ತೆ. ತಾಜಾ ಇರೋದು ಹುಡುಕಿ."

ಅವನು ಹುಡುಕಿದ. ಮೊದಲ ಅಂಗಡಿ ಈಜುಕೊಳದ ಸಾಮಾನಿನದು. ಅಲ್ಲಿ ಬಣ್ಣಬಣ್ಣದ ರಬ್ಬರ್ ಬಾತುಗಳೇ ಹೆಚ್ಚು, ಬೆಲೆ ಕೇಳಿದರೆ ಬೆವರು. ಕ್ಲೋರಿನ್ ಕ್ಯಾನುಗಳನ್ನು ಅಂಗಡಿಯವನು ಬಿಸಿಲು ಬೀಳುವ ಕಟ್ಟೆಯ ಮೇಲೆ ಜೋಡಿಸಿಟ್ಟಿದ್ದ. ಎರಡನೆಯದು ಆಸ್ಪತ್ರೆಗಳಿಗೆ ಫಿನೈಲು, ಕಸಬರಿಗೆ ಒದಗಿಸುವ ಸಗಟು ಗೋದಾಮು. ಬೆಲೆ ಕಮ್ಮಿ, ಆದರೆ ಕ್ಯಾನಿನ ಮೇಲಿನ ಧೂಳಿನಲ್ಲಿ ಬೆರಳಿನಿಂದ ಹೆಸರು ಬರೆಯಬಹುದಿತ್ತು. ಮೂರನೆಯವನು "ನಿನ್ನೆ ತಾನೇ ಬಂದಿದ್ದು" ಎಂದು ಆಣೆ ಮಾಡಿ ಕೊಟ್ಟ. ದಿನಾ ಸಂಜೆ ಕೆಲಸದಿಂದ ಬಂದವನೇ ಎರಡು ಕ್ಯಾನ್ ಸುರಿದು, ಬಿಸಿಲಿಗೆ ಕ್ಲೋರಿನ್ ಹಾರಿಹೋಗಬಾರದೆಂದು ಮಾವನ ಅಪ್ಪಣೆಯಂತೆ ಕೊಳಕ್ಕೆ ದಪ್ಪ ಹೊದಿಕೆ ಎಳೆಯುತ್ತಿದ್ದ. ಮರುದಿನ ಏಳಕ್ಕೆ ಮತ್ತೆ ಸೊನ್ನೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ಅವನ ಪಾಡು. ಮೂರು ಪ್ಯಾಂಟುಗಳ ಮೇಲೆ ಬಿಳಿ ಮಚ್ಚೆ ಬಿದ್ದವು. ಕೈಚರ್ಮ ಸುಲಿಯಿತು.

ಒಂದು ದಿನ ಮಾವನ ಹೆಗಲ ಮೇಲಿಂದ ಇಣುಕಿದಾಗ, ಹನಿ ಬಿದ್ದ ಕ್ಷಣ ಕೊಳವೆಯಲ್ಲಿ ಗುಲಾಬಿ ಮಿಂಚಿ ಮಾಯವಾದ ಹಾಗೆ ಅವನಿಗೆ ಕಂಡಿತ್ತು. ಬಾಯಿಗೆ ಬಂದ ಮಾತನ್ನು ನುಂಗಿಕೊಂಡ. ಆ ಹನ್ನೊಂದು ದಿನ ನೆನಪಿತ್ತು.

ಅತ್ತೆ ದಿನಾ ಬೆಳಿಗ್ಗೆ ಈಜುಡುಪಿನ ಮೇಲೆ ಟವೆಲ್ ಹೊದ್ದು, ಕೋಲೂರಿಕೊಂಡು ಕೊಳದ ದಂಡೆಯ ಕುರ್ಚಿಗೆ ಬಂದು ಕೂರುತ್ತಿದ್ದರು. ಸೊನ್ನೆ ಎಂದು ಕೇಳಿದ ಮೇಲೆ ನಗುತ್ತಲೇ ಎದ್ದು ಒಳಗೆ ಹೋಗುತ್ತಿದ್ದರು. ಮೂರನೆಯ ವಾರ ಅವರು ಈಜುಡುಪು ಹಾಕಿಕೊಳ್ಳದೆ ಬಂದರು. ಅದು ಅಳಿಯನ ಕಣ್ಣಿಗೆ ಬಿತ್ತು. ಅಲ್ಲಿಯತನಕ ಅವನು ತನ್ನ ಬೀಗದ ಕೈ ಲೆಕ್ಕ ಮಾತ್ರ ಹಾಕಿದ್ದ.

ಅವತ್ತು ಮಂಗಳವಾರ. ಕೊನೆಯ ಭಾನುವಾರಕ್ಕೆ ಐದೇ ದಿನ. ಅವನು ರಜೆ ಹಾಕಿ, ಕೊಳದ ನೀರನ್ನು ಒಂದು ಬಾಟಲಿಯಲ್ಲಿ ತುಂಬಿಕೊಂಡು, ಯಾವುದೋ ಟ್ಯಾಂಕರ್ ಚಾಲಕ ಹೇಳಿದ ಗುರುತು ಹಿಡಿದು ಕ್ಲೋರಿನ್ ತಯಾರಿಸುವ ಜಾಗಕ್ಕೇ ಹೋದ. ಕಾರ್ಖಾನೆಗಳ ಗಲ್ಲಿಯ ತುದಿಯಲ್ಲಿ ಎರಡು ತಗಡಿನ ಶೆಡ್ಡು. ನೆರಳಿನಲ್ಲಿ ಸಾಲಾಗಿ ನಿಂತ ನೀಲಿ ಕ್ಯಾನುಗಳ ಮೇಲೆ ಸೀಮೆಸುಣ್ಣದಲ್ಲಿ ಅದೇ ದಿನದ ತಾರೀಕು, ಬೆಳಿಗ್ಗೆ ಆರು ಗಂಟೆ ಎಂದು ಬರೆದಿತ್ತು. ಬೆಲೆ ಅಂಗಡಿಯ ಅರ್ಧ. ಅಳಿಯನಿಗೆ ಸ್ವರ್ಗಕ್ಕೆ ಮೂರೇ ಗೇಣು.

ಒಡತಿಯನ್ನು ಕೆಲಸದವರು ದೊಡ್ಡಕ್ಕ ಎಂದು ಕರೆಯುತ್ತಿದ್ದರು. ಮೊಣಕಾಲಿನ ತನಕ ರಬ್ಬರ್ ಬೂಟು, ಹಣೆಯ ಮೇಲೆ ಕನ್ನಡಕ, ಗಟ್ಟಿ ಗಂಟಲು.

"ಹತ್ತು ಕ್ಯಾನ್ ಕೊಡಿ" ಎಂದ ಅಳಿಯ.

"ಎಷ್ಟು ನೀರಿನ ಕೊಳ? ದಿನಾ ಎಷ್ಟು ಹಾಕ್ತಿದ್ದೀರಿ?"

ಅವನು ಹೇಳಿದ. ದೊಡ್ಡಕ್ಕ ಹುಬ್ಬೇರಿಸಿದಳು.

"ಮೂರು ವಾರ? ಅದೂ ಮುಚ್ಚಿಟ್ಟು? ನಿಮಗೆ ಒಂದು ಹನೀನೂ ಮಾರಲ್ಲ, ಹೋಗಿ."

ತಾಜಾ ಮಾಲು ಕಣ್ಣೆದುರಿಗಿದೆ, ಕೈಗೆಟುಕುವ ಬೆಲೆಯಿದೆ, ಮಾರುವವಳು ಒಲ್ಲೆ ಅನ್ನುತ್ತಿದ್ದಾಳೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಅಳಿಯ ಅಳುವ ಹಾಗಾದ. ಅಳತೆಯಲ್ಲಿ ದಿನಾ ಸೊನ್ನೆ ಬರುತ್ತಿದೆ, ಮನೆಯಲ್ಲಿ ಸೊಂಟಕ್ಕೆ ಹೊಲಿಗೆ ಬಿದ್ದ ಮುದುಕಿಯೊಬ್ಬರು ಕಾಯುತ್ತಿದ್ದಾರೆ ಎಂದು ಗೋಗರೆದ. ದೊಡ್ಡಕ್ಕ ಅವನ ಕೈಯಿಂದ ಬಾಟಲಿ ಕಿತ್ತುಕೊಂಡಳು. ಮೂಸಿ ಮೂಗು ಮುರಿದಳು. ಮೇಜಿನ ಮೇಲಿದ್ದ ಕಡುನೀಲಿ ಚಿಂದಿಬಟ್ಟೆಯ ತುದಿಯನ್ನು ಆ ನೀರಿನಲ್ಲಿ ಅದ್ದಿಟ್ಟು, ತನ್ನ ಅಳತೆಯ ಕೊಳವೆ ತೆಗೆದಳು.

"ಕಣ್ಣು ಮಿಟುಕಿಸ್ಬೇಡಿ, ನೋಡ್ತಾ ಇರಿ."

ಹನಿ ಬಿತ್ತು. ಗುಲಾಬಿ ಮಿಂಚಿತು, ಎರಡು ಉಸಿರಿನೊಳಗೆ ಅಳಿಸಿಹೋಯಿತು. ನಂತರ ಅವಳು ಅದೇ ಕೊಳದ ನೀರನ್ನು ಒಂದು ಪಾಲು, ಕುಡಿಯುವ ನೀರನ್ನು ಒಂಬತ್ತು ಪಾಲು ಸೇರಿಸಿ ಹನಿ ಹಾಕಿದಳು. ಕೊಳವೆ ಕಡುಗುಲಾಬಿಯಾಯಿತು, ಹಾಗೆಯೇ ನಿಂತಿತು.

"ಕ್ಲೋರಿನ್ ವಿಪರೀತ ಆದ್ರೆ ಈ ಹನಿಯ ಬಣ್ಣವನ್ನೇ ಅದು ತಿಂದುಹಾಕತ್ತೆ. ಅದಕ್ಕೇ ಬಿಳಿ. ನಿಮ್ಮ ಕೊಳದಲ್ಲಿ ಸೊನ್ನೆಯಿಲ್ಲ ಸ್ವಾಮಿ, ಐವತ್ತರ ಹತ್ತಿರ ಇದೆ. ಇದರಲ್ಲಿ ಮುದುಕಿ ಇಳಿದಿದ್ರೆ ಆ ಹೊಲಿಗೆ ಗತಿ ಏನಾಗ್ತಿತ್ತು?" ಅವಳು ಚಿಂದಿಬಟ್ಟೆ ಎತ್ತಿ ತೋರಿಸಿದಳು. ಅದ್ದಿದ್ದ ತುದಿ ಮಾಸಲಾಗಿತ್ತು. "ಅತಿಯಾದ್ರೆ ಅಮೃತಾನೂ ವಿಷ."

"ಈಗ ಏನು ಹಾಕ್ಬೇಕು?"

"ಏನೂ ಹಾಕ್ಬೇಡಿ. ಹೊದಿಕೆ ತೆಗೀರಿ, ಸುಮ್ನೆ ಕೂತ್ಕೊಳ್ಳಿ. ನಾಲ್ಕೈದು ದಿನ ಬಿಸಿಲು ತಿನ್ಲಿ."

ಬಾಗಿಲು ಒದೀಬೇಡಿ, ಸುಮ್ನೆ ನಿಂತಿರಿ. ತನ್ನದೇ ಮಾತು ತನಗೇ ವಾಪಸ್ಸು ಬಂದಾಗ ಅಳಿಯನಿಗೆ ನಗು ಬಂತು. ಮನೆಯ ದಾರಿ ಹಿಡಿದ ಮೇಲೆ ನಗು ನಿಂತಿತು. ಮಾವ ಗೇಟಿನ ಹತ್ತಿರ ಕಾಯುತ್ತಿರುತ್ತಾರೆ. ನಿಮ್ಮ ಅಳತೆ ತಪ್ಪು ಎಂದು ಅವರ ಮುಖಕ್ಕೆ ಹೇಳುವುದು ಯಾರು? ಹನ್ನೊಂದು ದಿನ ಮಾತು ಬಿಟ್ಟರೆ ಭಾನುವಾರ ದಾಟಿಹೋಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಯೋಚಿಸಿ ಅವನು ತಿರುಗಿ ಹೋದ. ದೊಡ್ಡಕ್ಕನಿಂದ ಎಂಟು ಖಾಲಿ ಕ್ಯಾನ್ ಕೊಂಡು, ಮೇಲೆ ಸೀಮೆಸುಣ್ಣದಲ್ಲಿ ಅವತ್ತಿನ ತಾರೀಕು ಬರೆದು, ಲಿಫ್ಟ್ ಕಂಪನಿಯ ನಲ್ಲಿಯಲ್ಲಿ ನೀರು ತುಂಬಿ, ಕಾರಿನಲ್ಲಿಟ್ಟುಕೊಂಡು ಬಂದ. ಕ್ಯಾನಿನ ಒಳಗೆ ಅಂಟಿದ್ದ ವಾಸನೆ ಸಾಕಷ್ಟಿತ್ತು.

ಮಾವ ಮುಚ್ಚಳ ತೆಗೆದು ಮೂಸಿದರು, ಸೀಮೆಸುಣ್ಣದ ತಾರೀಕು ಓದಿದರು. "ಇದು ಮಾಲು!"

"ಈ ಮಾಲಿಗೆ ಗಾಳಿ ಬಿಸಿಲು ಬೇಕಂತೆ ಮಾವ. ಹೊದಿಕೆ ಹಾಕ್ಬಾರ್ದಂತೆ."

ಹೆಂಡತಿಗೆ ಮಾತ್ರ ಕೋಣೆಯ ಬಾಗಿಲು ಹಾಕಿ ನಿಜ ಹೇಳಿದ. ಅವಳು ದಿಂಬಿಗೆ ಮುಖ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ, "ಅಪ್ಪನಿಗೆ ಮಾತ್ರ ಹೇಳ್ಬೇಡ್ರೀ, ತಡ್ಕೊಳ್ಳಲ್ಲ" ಎಂದಳು. ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆಯೊಂದು ಬಂತು. ಅದರೊಳಗೆ ಒಂದೊಂದೇ ಪಾತ್ರೆ ಇಳಿಯಿತು.

ನಾಲ್ಕು ಸಂಜೆ ಅಳಿಯ ಗಂಭೀರವಾಗಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ನಲ್ಲಿ ನೀರನ್ನು ಕೊಳಕ್ಕೆ ಸುರಿದ. ಶನಿವಾರ ಬೆಳಿಗ್ಗೆ ಮಾವನ ಕೊಳವೆಯಲ್ಲಿ ಗುಲಾಬಿ ಉಳಿಯಿತು, ಆದರೆ ತುಂಬ ಗಾಢ. ಭಾನುವಾರ ಬೆಳಿಗ್ಗೆ ಸರಿಯಾಗಿ ಮೂರು.

ಮಾವ ಮೂರು ಎಂದು ಹೇಳಿದ್ದು ಆಚೆಮನೆಗೂ ಕೇಳಿಸಿರಬೇಕು. ಅತ್ತೆ ಒಳಗೆ ಹೋಗಿ ಈಜುಡುಪು ಹಾಕಿಕೊಂಡು ಬಂದರು. ಮಗಳ ಕೈ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ನೀರು ಎದೆಗೆ ಬಂದಾಗ ಕೈ ಬಿಡಿಸಿಕೊಂಡು, ಕೋಲಿಲ್ಲದೆ, ಯಾರನ್ನೂ ಹಿಡಿಯದೆ ಆಚೆ ದಂಡೆಯ ತನಕ ನಡೆದರು. ತಿರುಗಿ ನಿಂತು, "ನೋಡ್ರೋ, ನಡೆದೆ!" ಎಂದರು. ಹೆಂಡತಿ ಅತ್ತಳು.

ಮಾವ ಅವನ ಭುಜದ ಮೇಲೆ ಕೈ ಇಟ್ಟರು. ನಾಲ್ಕು ವರ್ಷದಲ್ಲಿ ಅದು ಮೊದಲ ಸಲ.

"ಅಳಿಯಂದ್ರೇ, ಮಗಳು ಹೊಸ ಮನೆ ವಿಷಯ ಹೇಳಿದ್ಲು. ಇವತ್ತು ಹೊರಡ್ತೀರಂತೆ. ಹೊರಡಿ. ನಿಮಗೂ ಒಂದು ಮನೆ ಅಂತ ಬೇಡ್ವಾ? ನಾನು ತಡೆಯೋನಲ್ಲ."

ಬಾಗಿಲು ಇಷ್ಟು ಸಲೀಸಾಗಿ ತೆರೆಯುತ್ತದೆ ಎಂದು ಅಳಿಯ ಕನಸಿನಲ್ಲೂ ಎಣಿಸಿರಲಿಲ್ಲ. ಜೇಬಿನಲ್ಲಿದ್ದ ಬೀಗದ ಕೈ ತೊಡೆಗೆ ಒತ್ತಿತು.

"ಕೊಳದ ಚಿಂತೆ ನಿಮಗೆ ಬೇಡ" ಎಂದು ಮಾವ ಮುಂದುವರಿಸಿದರು. "ಆ ಕಾರ್ಖಾನೆ ವಿಳಾಸ ಬರೆದುಕೊಡಿ ಸಾಕು. ನನಗೆ ಸೂತ್ರ ಸಿಕ್ಕಿದೆ. ಬೆಳಿಗ್ಗೆ ಅಳೀತೀನಿ, ಬಿಳಿ ಬಂತೋ, ತಾಜಾ ಮಾಲು ಎರಡು ಕ್ಯಾನ್. ಮತ್ತೂ ಬಿಳಿ ಬಂತೋ, ನಾಲ್ಕು."

ಅತ್ತೆ ನೀರಿನಲ್ಲಿ ಮತ್ತೆ ಈಚೆಗೆ ನಡೆದು ಬರುತ್ತಿದ್ದರು. ಅಳಿಯನಿಗೆ ದೊಡ್ಡಕ್ಕನ ಮೇಜಿನ ಮೇಲಿನ ಚಿಂದಿಬಟ್ಟೆ ಕಣ್ಣಿಗೆ ಕಟ್ಟಿತು. ಹೇಳದೆ ಹೋಗಬಹುದು. ಸಂಜೆಯ ಹೊತ್ತಿಗೆ ತನ್ನ ಮನೆಯಲ್ಲಿ ತನ್ನ ಕುರ್ಚಿಯಲ್ಲಿ ಕಾಲು ಚಾಚಬಹುದು. ಇವತ್ತಲ್ಲ ನಾಳೆ ಇಲ್ಲಿ ಒಂದು ದಿನ ಬಿಳಿ ಬರುತ್ತದೆ, ನಾಲ್ಕು ಕ್ಯಾನ್ ಬೀಳುತ್ತದೆ, ಅಷ್ಟು ಹೊತ್ತಿಗೆ ಅತ್ತೆಗೆ ದಿನಾ ಇಳಿಯುವ ರೂಢಿಯಾಗಿರುತ್ತದೆ. ಬಿಸಿತುಪ್ಪ ಬಾಯಲ್ಲಿತ್ತು, ಉಗುಳುವ ಹಾಗಿಲ್ಲ, ನುಂಗುವ ಹಾಗಿಲ್ಲ.

"ಮಾವ, ಒಂದು ನಿಮಿಷ" ಎಂದು ಅವನು ಒಳಗೆ ಹೋದ. ಕಪಾಟಿನ ಹಿಂದೆ ಬಚ್ಚಿಟ್ಟಿದ್ದ, ಮಂಗಳವಾರದ ಕೊಳದ ನೀರು ಉಳಿದಿದ್ದ ಬಾಟಲಿ ತಂದ. ಹೆಂಡತಿ ಕಣ್ಸನ್ನೆಯಲ್ಲಿ ಬೇಡ ಎಂದಳು. ಅವನು ಆ ಕಡೆ ನೋಡಲಿಲ್ಲ. ಮಾವನ ಕೈಯಿಂದಲೇ ಹನಿ ಹಾಕಿಸಿದ.

"ಗಡಿಯಾರ ಬೇಡ ಮಾವ. ನೀರು ನೋಡಿ."

ಗುಲಾಬಿ ಮಿಂಚಿ ಸತ್ತಿತು. ಒಂದಕ್ಕೆ ಒಂಬತ್ತು ಪಾಲು ಒಳ್ಳೆಯ ನೀರು ಸೇರಿಸಿ ಮತ್ತೆ ಹಾಕಿಸಿದ. ಕಡುಗುಲಾಬಿ. ಆಮೇಲೆ ಎಲ್ಲವನ್ನೂ ಹೇಳಿದ, ನಲ್ಲಿ ನೀರು ಸುರಿದದ್ದನ್ನೂ ಬಿಡಲಿಲ್ಲ. ಹೇಳಿ ಮುಗಿಸಿ ಬೈಗುಳಕ್ಕೆ ಕಾದು ನಿಂತ. ಬೈದರೆ ಒಳ್ಳೆಯದೇ, ಜಗಳವಾಡಿಕೊಂಡಾದರೂ ಹೊರಡಬಹುದು.

ಮಾವ ಬೈಯಲಿಲ್ಲ. ಕೊಳವೆಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

"ಏನ್ರೀ ಅದು?" ಎಂದು ಅತ್ತೆ ನೀರಿನಿಂದ ಕೂಗಿದರು.

"ಮೂರು ವಾರ ನನ್ನ ಅಳತೆ ತಪ್ಪಿತ್ತು ಕಣೇ" ಎಂದರು ಮಾವ. ಆ ಮಾತು ಅವರ ಬಾಯಿಂದ ಬಂದದ್ದನ್ನು ಅತ್ತೆಯಾಗಲಿ ಮಗಳಾಗಲಿ ಹಿಂದೆ ಕೇಳಿರಲಿಲ್ಲ. ಅವರು ಕೊರಳಿನ ದಾರ ತೆಗೆದರು. ಕಿವಿಗೆ ಸಿಕ್ಕಿಕೊಂಡಿತು, ಬಿಡಿಸಿಕೊಂಡರು. ಡಬ್ಬಿಯನ್ನೂ ಬೀಗದ ಕೈಯನ್ನೂ ಅಳಿಯನ ಕೈಯಲ್ಲಿಟ್ಟು, ಎರಡೂ ಕೈಯಿಂದ ಅವನ ಕೈ ಮುಚ್ಚಿದರು.

"ಒಂದು ಸಲ ತಪ್ಪು ಅಳೆದ ಕೈಗೆ ಮತ್ತೆ ಅಳತೆ ಕೊಡಬಾರದು. ಊರಿಗೆಲ್ಲ ಹೇಳಿದ್ದು ನನಗೆ ಮಾತ್ರ ಬೇಡ ಅನ್ನಕ್ಕಾಗತ್ತಾ? ಇನ್ಮೇಲೆ ಈ ಮನೇಲಿ ಅಳತೆ ನಿಮ್ಮದು, ಅಳಿಯಂದ್ರೇ."

"ಮಾವ, ನಾವು ಇವತ್ತು..."

"ಹೋಗಿ. ಹೋಗ್ಬೇಡಿ ಅಂದ್ನಾ? ದಿನಾ ಬೆಳಿಗ್ಗೆ ಏಳಕ್ಕೆ ಬಂದು ಅಳೆದು ಹೋದ್ರೆ ಸಾಕು. ನಿಮ್ಮನ್ನ ಬಿಟ್ಟು ಯಾರು ಮೂರು ಅಂದ್ರೂ ನಾನು ಅವಳನ್ನ ಇಳಿಸಲ್ಲ."

ಆ ಎರಡು ಕೋಣೆಯ ಮನೆಯಿಂದ ಇಲ್ಲಿಗೆ ಎರಡು ಗಂಟೆಯ ದಾರಿ. ಅಳಿಯ ಹೆಂಡತಿಯ ಕಡೆ ನೋಡಿದ. ಅವಳು ದಿನಾ ಹೋಗಿಬರುವ ಗಂಟೆಗಳನ್ನು ಆಗಲೇ ಕೂಡಿಸಿ ಕಳೆದು ಮುಗಿಸಿದ್ದಳು. ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯಿಂದ ಪಾತ್ರೆಗಳನ್ನು ತೆಗೆದು ಅಡುಗೆಮನೆಯಲ್ಲಿ ಜೋಡಿಸುವ ಸದ್ದು ಕೇಳಿಸಿತು.

ಬಡಿದಾಡಿ ಹೊರಬರಬಹುದಾದ ಬಾಗಿಲುಗಳನ್ನು ಅವನು ಬಹಳ ಕಂಡಿದ್ದ. ನಂಬಿಕೆಯಿಂದ ಹಾಕಿದ ಬಾಗಿಲಿಗೆ ಯಾವ ಸ್ಪ್ಯಾನರ್ ಹಾಕುವುದು ಎಂದು ಯಾರೂ ಅವನಿಗೆ ಕಲಿಸಿರಲಿಲ್ಲ. ಮಾವನ ಮೇಲೆ ಸಿಟ್ಟು ಬಂದಿದ್ದರಾದರೂ ಬದುಕಿಕೊಳ್ಳುತ್ತಿದ್ದ. ಬಂದದ್ದು ಕನಿಕರ.

ಮರುದಿನ ಏಳು ಗಂಟೆಗೆ ಅವನು ಡಬ್ಬಿಯ ಬೀಗ ತೆಗೆದ. ಮಾವ ದೂರದಲ್ಲಿ, ಬೆನ್ನು ತಿರುಗಿಸಿ, ಗಿಡಗಳ ಹತ್ತಿರ ನಿಂತಿದ್ದರು. ಮಾಡಲು ಏನೂ ಇಲ್ಲದೆ ಅವರ ಕೈಗಳು ಒಂದನ್ನೊಂದು ಹಿಡಿದುಕೊಂಡಿದ್ದವು. ಅತ್ತೆ ಮೊದಲ ಮೆಟ್ಟಿಲ ಮೇಲೆ ಕಾಯುತ್ತಿದ್ದರು.

"ಅಳಿಯಂದ್ರೇ, ಇಳೀಲಾ?"

ಅವನು ಇಡೀ ಒಂದು ನಿಮಿಷ ಕೊಳವೆಯನ್ನೇ ನೋಡಿದ. ಗುಲಾಬಿ ನಿಂತಿತು.

"ಎರಡು. ಇಳೀರಿ ಅತ್ತೆ."

ಡಬ್ಬಿ ಮುಚ್ಚಿ, ಬೀಗದ ಕೈಯನ್ನು ಜೇಬಿಗೆ ಹಾಕಿದ. ಅಲ್ಲಿದ್ದ ಇನ್ನೊಂದು ಬೀಗದ ಕೈಗೆ ಅದು ತಗಲಿ ಸದ್ದಾಯಿತು. ಅದನ್ನು ಅವತ್ತು ಸಂಜೆ ಮನೆಯೊಡತಿಗೆ ವಾಪಸ್ ಕೊಟ್ಟು ಬರಬೇಕಿತ್ತು.